ಕಲ್ಲು ಕಾಣುವ ತನಕ

ಕಲ್ಲುಮಕ್ಕಿ, ಬ್ಯಾಕೋಡು ಹತ್ತಿರ
29 ಜನವರಿ 2026

ಯಶೂ,

ಮೂರು ಗಂಟೆಗೆ ಎಚ್ಚರವಾಯಿತು. ದಡ ಕುಸಿದ ಸದ್ದು. ಹಿನ್ನೀರು ಇಳಿಯತೊಡಗಿದರೆ ಹೀಗೆಯೇ. ನೀರಿನ ಆಸರೆ ತಪ್ಪಿದ ಮಣ್ಣು ಧೊಪ್ಪೆಂದು ಬೀಳುತ್ತದೆ. ಆಮೇಲೆ ನೀರಿನ ಮೇಲೆ ಯಾರೋ ಮೆಲ್ಲಗೆ ನಡೆದುಹೋದಂಥ ಸಪ್ಪಳ. ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷವಾದರೂ ಅಭ್ಯಾಸವಾಗಿಲ್ಲ. ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ಬೆಳೆದವಳಿಗೆ ಬಸ್ಸಿನ ಗದ್ದಲವೇ ಜೋಗುಳವಾಗಿತ್ತು. ಪುಟ್ಟನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರಾಡುತ್ತಿದ್ದ. ಇನ್ನೊಮ್ಮೆ ನೋಡಿದೆ. ಅವನು ಹುಟ್ಟಿ ಹತ್ತು ತಿಂಗಳು, ಅಂದಿನಿಂದ ನನ್ನ ರಾತ್ರಿಗಳೆಲ್ಲ ಹೀಗೇ ಇವೆ.

ಎದ್ದದ್ದಕ್ಕೆ ನಿನಗೆ ಬರೆಯೋಣ ಎಂದುಕೊಂಡೆ. ಮಕ್ಕಳು ತಪ್ಪು ಮಾಡಿದಾಗ ಪೊಲೀಸು, ಕೋರ್ಟು ಇಲ್ಲದೆ ಊರೊಳಗೇ ಬಗೆಹರಿಸಿದ ಉದಾಹರಣೆ ಇದ್ದರೆ ಬರೆದು ಕಳಿಸು, ನಿಯಮ ರೂಪಿಸುವ ಸಮಿತಿಯ ಮುಂದಿಡುತ್ತೇನೆ ಎಂದು ನೀನು ಕೇಳಿದ್ದೆಯಲ್ಲ. ಉದಾಹರಣೆ ನಮ್ಮ ಮನೆಯಲ್ಲೇ ಸಿಕ್ಕಿತು.

ಪುಟ್ಟನ ಬೆಳ್ಳಿ ಉಡಿದಾರ ಕಳೆದುಹೋಗಿದೆ. ಅದಕ್ಕೆ ನಮ್ಮೂರ ದೇವತೆ ನೀರಚೌಡಿಯ ತಾಯಿತ ಕಟ್ಟಿತ್ತು. ಮೊನ್ನೆ ಸಂಜೆ ಸ್ನಾನ ಮಾಡಿಸುವಾಗ ನೋಡಿದರೆ ಸೊಂಟ ಬರಿದು. ಸ್ನಾನಕ್ಕೆ ಮುಂಚೆ ಅವನನ್ನು ಎತ್ತಿಕೊಂಡಿದ್ದವಳು ಗಾನವಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಶ್ಯಾಮಲಾ ಅವರ ಮಗಳು, ಹದಿಮೂರು ವರ್ಷ, ಏಳನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಬಂದು ಪುಟ್ಟನನ್ನು ಆಡಿಸುತ್ತಿದ್ದಳು. ನಾನು ಅವಳ ಹೆಸರು ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ.

ಮಾವ ಮಂಜುನಾಥಪ್ಪನವರು ಆಗಲೇ ಅಂಗಿ ಹಾಕಿಕೊಂಡು ನಿಂತಿದ್ದರು. "ನಡೀರಿ, ಸ್ಟೇಶನ್ನಿಗೆ ಕೊಡಾಣ. ಎರಡೇಟು ಬಿದ್ರೆ ತಾನೇ ಬಾಯಿ ಬಿಡ್ತಾಳೆ." ನನಗೆ ಎಲ್ಲಿಂದ ಧೈರ್ಯ ಬಂತೋ. ಸಣ್ಣ ತಪ್ಪಿಗೆ ಮಕ್ಕಳ ಮೇಲೆ ಎಫ್‌ಐಆರ್ ಕೂಡ ಹಾಕುವಂತಿಲ್ಲ, ಠಾಣೆಯಲ್ಲಿ ಕೂರಿಸುವಂತಿಲ್ಲ, ಹೊಡೆಯುವ ಮಾತಂತೂ ಇಲ್ಲವೇ ಇಲ್ಲ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದೆ. ಅತ್ತೆ ಯಮುನಮ್ಮ ನಕ್ಕರು. "ಲಾ ಓದಿದ ಸೊಸೆ ಇರೋವಾಗ ನಮಗೆ ವಕೀಲ್ರ ಫೀಜಿಲ್ಲ ಬಿಡಿ." ಆಮೇಲೆ ಗಂಡನ ಕಡೆ ತಿರುಗಿ, "ಪೊಲೀಸು ಬ್ಯಾಡ ಅಂತಾಳಲ್ಲ, ಚೌಡಿಗೆ ಒಪ್ಸಿಬಿಡಿ" ಎಂದರು.

ಸಿಗಂದೂರಿನ ದೊಡ್ಡ ಅಮ್ಮನಲ್ಲ ಇದು. ಅಣೆಕಟ್ಟು ಕಟ್ಟಿ ಹಳೇ ಕಲ್ಲುಮಕ್ಕಿ ಮುಳುಗಿದಾಗ ನಮ್ಮವರು ಬಿಟ್ಟುಬಂದ ಸಣ್ಣ ಚೌಡಿ. ಕಲ್ಲು ಈಗಲೂ ಅಲ್ಲೇ ಹಿನ್ನೀರಿನ ತಳದಲ್ಲಿದೆ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಮಾತ್ರ ಕಾಣುತ್ತದೆ. ದಡದಲ್ಲಿ ನಿಂತು ದೂರು ಹೇಳಿ ಬಂದರೆ ಕಲ್ಲು ಹೊರಬರುವ ತನಕ ಅದರ ಮಾತೆತ್ತುವಂತಿಲ್ಲ. ಅಷ್ಟರೊಳಗೆ ವಸ್ತು ತಾನಾಗಿ ವಾಪಸು ಬರುತ್ತದಂತೆ. ಮಾವ ಹೋಗಿ ಹೇಳಿಬಂದರು.

ಅವತ್ತು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದೆ ಯಶೂ. ಒಂದು ಮಗುವನ್ನು ಠಾಣೆಯಿಂದ ಉಳಿಸಿದೆ ಎನ್ನಿಸಿತು.

ನಿನ್ನ
ಸುಪ್ರಿಯಾ


ಬೆಂಗಳೂರು
9 ಫೆಬ್ರವರಿ 2026

ಪ್ರೀತಿಯ ಸುಪ್ರಿಯಾ,

ದಾಖಲೆಗೆ ಬೇಕೆಂದು ಇದನ್ನು ಆಫೀಸಿನ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ ಸೀಲು ಹಾಕಿಸಿದ್ದೇನೆ. ಗಾಬರಿಯಾಗಬೇಡ ಮಾರಾಯ್ತಿ, ಒಳಗಿರುವುದು ನಾನೇ.

ನಿನ್ನ ಪತ್ರ ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಮೂರು ವರ್ಷದಿಂದ ಇದನ್ನೇ ಹುಡುಕುತ್ತಿದ್ದೇವೆ. ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲೇ ಸೇರಿದೆ. ಬಾಲನ್ಯಾಯ ಕಾಯ್ದೆಯ ಪೀಠಿಕೆಯಲ್ಲಿ ಅದರ ಹೆಸರೂ ಇದೆ. ಆದರೆ ಪೀಠಿಕೆಯಿಂದ ಊರಿನ ತನಕ ಇಳಿಯುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ ಮಗುವನ್ನು ನ್ಯಾಯಾಲಯಕ್ಕೆ ಎಳೆಯದೆ, ಅದರ ಹಕ್ಕುಗಳಿಗೆ ಧಕ್ಕೆ ಬಾರದಂತೆ ಇತ್ಯರ್ಥ ಮಾಡಬೇಕು ಎಂದು ಒಡಂಬಡಿಕೆಯ ನಲವತ್ತನೇ ವಿಧಿ ಹೇಳುತ್ತದೆ. ಅದನ್ನೇ ಒಂದು ಅಧ್ಯಾಯವಾಗಿ ರಾಜ್ಯದ ನಿಯಮಗಳಿಗೆ ಸೇರಿಸಿ ಎಂದು ನಮ್ಮ ಮಕ್ಕಳ ಹಕ್ಕು ಕೇಂದ್ರ ಕರಡು ಬರೆಯುತ್ತಿದೆ. "ಇದೆಲ್ಲ ವಿದೇಶದ್ದು, ನಮ್ಮ ಹಳ್ಳಿಗೆ ಒಗ್ಗುವುದಿಲ್ಲ" ಎಂದು ಸಮಿತಿಯ ಹಿರಿಯರು ತಲೆ ಅಲ್ಲಾಡಿಸುತ್ತಾರೆ. ಈಗ ನಾನು ಹೇಳಬಹುದು: ಕಲ್ಲುಮಕ್ಕಿಯವರು ಒಡಂಬಡಿಕೆಯನ್ನು ಓದದೆಯೇ ಪಾಲಿಸುತ್ತಿದ್ದಾರೆ.

ನಿನ್ನ ಮಾವನವರಿಗೆ ನನ್ನ ಅಭಿನಂದನೆ ತಿಳಿಸು. ಮೂರು ವಿಷಯ ಮಾತ್ರ ಗಮನಿಸಲು ಹೇಳು. ಮಗುವಿನ ಗುರುತು ಬಯಲಾಗಬಾರದು. ಹೆಸರನ್ನು ಯಾರೂ ಎಲ್ಲೂ ಆಡಬಾರದು. ಶಿಕ್ಷೆಯ ಬದಲು, ನೊಂದ ಮನೆಗೆ ಏನಾದರೂ ಸಣ್ಣ ಸೇವೆ ಮಾಡಿಕೊಡುವಂತಿದ್ದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಇದಕ್ಕೆಲ್ಲ ಅವಳದೇ ಒಪ್ಪಿಗೆ ಇರಬೇಕು. ಅವಳನ್ನು ಕೇಳಬೇಕು, ಅವಳ ಬಾಯಿಂದಲೇ ಬರಬೇಕು. ಈ ಮೂರು ಇದ್ದರೆ ನೀವು ಮಾಡುತ್ತಿರುವುದು ಅಂತರರಾಷ್ಟ್ರೀಯ ಮಟ್ಟದ್ದು.

ಪುಟ್ಟನಿಗೆ ಮುತ್ತು. ನೀನು ನಿದ್ದೆ ಮಾಡು.

ಯಶಸ್ವಿನಿ


ಕಲ್ಲುಮಕ್ಕಿ
27 ಫೆಬ್ರವರಿ 2026

ಯಶೂ,

ನಿನ್ನ ಪತ್ರವನ್ನು ನಾನೇ ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಮಾವ ಊರಿನ ನಾಲ್ಕು ಜನ ಹಿರಿಯರನ್ನು ಕರೆಸಿದ್ದರು. ನಿನ್ನ ಮೊದಲ ಸಾಲಿನ ತಮಾಷೆಯನ್ನು ಬಿಟ್ಟು ಓದಿದೆ, ನಗಬೇಡ. ಸೀಲನ್ನು ಒಬ್ಬೊಬ್ಬರೂ ಕೈಯಲ್ಲಿ ಹಿಡಿದು ನೋಡಿದರು. ದೋಣಿಯ ಸುಬ್ಬರಾಯಣ್ಣ ಮಾತ್ರ ಅನುಮಾನದಿಂದ, "ಬೆಂಗಳೂರಿನೋರಿಗೆ ನಮ್ಮ ಚೌಡಿ ಹ್ಯಾಂಗೆ ಗೊತ್ತಾತು?" ಎಂದು ಕೇಳಿದ. ಮಾವ, "ಸರ್ಕಾರಕ್ಕೆ ಎಲ್ಲ ಗೊತ್ತಿರ್ತದೆ ಮಾರಾಯ, ನೀನು ಕರೆಂಟ್ ಕದಿಯೋದೂ ಗೊತ್ತೈತೆ" ಎಂದಾಗ ಎಲ್ಲರೂ ನಕ್ಕರು. ನನಗೂ ಹೆಮ್ಮೆಯಾಯಿತು. ಪತ್ರ ಈಗ ದೇವರ ಕೋಣೆಯಲ್ಲಿ, ಫೋಟೋದ ಹಿಂದಿದೆ.

ನೀನು ಹೇಳಿದ ಮೂರನ್ನೂ ಪಾಲಿಸುತ್ತಿದ್ದಾರೆ. ನೀನು ಕೇಳಿದ್ದರಿಂದ ಹೇಗೆಂದು ಬರೆಯುತ್ತೇನೆ.

ಮರುದಿನದಿಂದ ಬೆಳಗಿನ ಜಾವ ನನಗೆ ಬೇರೆ ಸದ್ದಿಗೆ ಎಚ್ಚರವಾಗತೊಡಗಿತು. ಕಡ್ಡಿ ಪೊರಕೆಯ ಸದ್ದು. ಅಂಗಳದಲ್ಲಿ ಯಾರೋ ಗುಡಿಸುತ್ತಿದ್ದಾರೆ. ಅತ್ತೆ ಇರಬೇಕೆಂದು ಮಲಗಿದೆ. ಆಮೇಲೆ ನೋಡಿದರೆ ಅತ್ತೆ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಕಿಟಕಿಯಲ್ಲಿ ಇಣುಕಿದೆ. ಕತ್ತಲು. ಸದ್ದು ಮಾತ್ರ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು. ಬೆಳಗಾದ ಮೇಲೆ ಮಣ್ಣಿನ ಮೇಲೆ ಪೊರಕೆಯ ಗೆರೆಗಳಷ್ಟೇ ಇದ್ದವು. ಒಂದು ಹೆಜ್ಜೆ ಗುರುತೂ ಇಲ್ಲ. ಹಿಂದಕ್ಕೆ ನಡೆಯುತ್ತ, ತನ್ನ ಹೆಜ್ಜೆಯನ್ನೂ ಗುಡಿಸಿಕೊಂಡು ಹೋದಂತೆ.

ಅತ್ತೆಯನ್ನು ಕೇಳಿದೆ. "ನಿನ್ನ ಗೆಳತಿ ಬರ್ದಿದ್ದಲ್ವಾ, ಸೇವೆ ಮಾಡ್ಲಿ, ಗುರುತು ಕಾಣ್ಬಾರ್ದು ಅಂತ" ಎಂದರು. ಗಾನವಿಯೇ ಅದು. ಹೊತ್ತು ಮೂಡುವ ಮೊದಲು ಬಂದು ಹೋಗಬೇಕು, ಯಾರ ಕಣ್ಣಿಗೂ ಬೀಳಬಾರದು ಎಂದು ಹೇಳಿದ್ದಾರೆ.

ಅವಳ ಹೆಸರನ್ನು ಊರಲ್ಲಿ ಯಾರೂ ಆಡುವುದಿಲ್ಲ. ಮೊದಲು "ಆ ಹುಡುಗಿ" ಎನ್ನುತ್ತಿದ್ದರು. ಈಗ ಅದೂ ಇಲ್ಲ. ಮಾತು ಅವಳ ಹತ್ತಿರ ಬಂದರೆ ಸುಮ್ಮನಾಗಿ ಮುಂದಕ್ಕೆ ಹೋಗುತ್ತಾರೆ. ಶಾಲೆಯಲ್ಲಿ ಮಕ್ಕಳೂ ಕಲಿತಿದ್ದಾರಂತೆ. ಆಟಕ್ಕೆ ಕರೆಯಲು ಹೆಸರು ಬೇಕಲ್ಲ, ಹಾಗಾಗಿ ಕರೆಯುವುದಿಲ್ಲ. ಒಂದು ವಾರದಿಂದ ಅವಳು ಶಾಲೆಗೆ ಹೋಗುತ್ತಿಲ್ಲ.

ಒಪ್ಪಿಗೆಯನ್ನೂ ಕೇಳಿದರು. ಜಗಲಿಯ ಕೆಳಗೆ ನಿಲ್ಲಿಸಿ, "ಒಪ್ಪಿಗೆ ಐತಾ?" ಎಂದು ಮಾವ ಮೆತ್ತಗೇ ಕೇಳಿದರು. ಅವಳು ಅಮ್ಮನನ್ನು ನೋಡಿದಳು. "ಐತೆ" ಎಂದಳು.

ಸರಿಯಾಗಿಯೇ ನಡೆಯುತ್ತಿದೆ ಅಲ್ಲವೇ? ನೀನೊಂದು ಸಲ ಹೇಳಿದರೆ ಸಮಾಧಾನ. ನೀರು ದಿನಾ ಇಳಿಯುತ್ತಿದೆ. ಮುಳುಗಿದ್ದ ಮರದ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತಿವೆ. ಸಂಜೆ ಎಣ್ಣೆ ಹಚ್ಚುವಾಗ ಪುಟ್ಟ ಅತ್ತಲೇ ನೋಡುತ್ತಿರುತ್ತಾನೆ.

ಸುಪ್ರಿಯಾ


ಬೆಂಗಳೂರು
12 ಮಾರ್ಚ್ 2026

ಸುಪ್ರಿಯಾ,

ಗಡಿಬಿಡಿಯಲ್ಲಿದ್ದೇನೆ, ಚಿಕ್ಕದಾಗಿ ಬರೆಯುತ್ತೇನೆ.

ನಿನ್ನ ಎರಡನೇ ಪತ್ರದ ಸಾರಾಂಶವನ್ನು ಸಭೆಯಲ್ಲಿ ಮಂಡಿಸಿದೆ. ಗೌಪ್ಯತೆ, ಸೇವೆ, ಮಗುವಿನ ಒಪ್ಪಿಗೆ ಮೂರೂ ಇರುವ ಉದಾಹರಣೆ! ಹಿರಿಯರೊಬ್ಬರು ಅದಕ್ಕೆ "ಕಲ್ಲುಮಕ್ಕಿ ಮಾದರಿ" ಎಂದು ಹೆಸರಿಟ್ಟರು. ಕರಡಿನ ಅನುಬಂಧಕ್ಕೆ ಸೇರುತ್ತದೆ. ಹುಡುಗಿಯ ಮುಖ ಕಾಣದಂತೆ ಅವಳು ಸೇವೆ ಮಾಡುತ್ತಿರುವ ಒಂದು ಫೋಟೋ ಕಳಿಸಬಲ್ಲೆಯಾ?

ಶಾಲೆ ತಪ್ಪಿಸಬಾರದು, ಅದನ್ನು ಹೇಳು. ಬೆಳಗಿನ ಜಾವದ ಬದಲು ಸಂಜೆ ಮಾಡಿಸಿ. ಹೆಜ್ಜೆ ಗುರುತು, ಕತ್ತಲು ಅಂತೆಲ್ಲ ಯೋಚಿಸಬೇಡ. ತಿಂಗಳುಗಟ್ಟಲೆ ನಿದ್ದೆಗೆಟ್ಟ ತಾಯಂದಿರಿಗೆ ಹೀಗಾಗುತ್ತದೆ ಎಂದು ಡಾಕ್ಟರುಗಳೇ ಹೇಳುತ್ತಾರೆ. ತೀರ್ಥಹಳ್ಳಿಯಲ್ಲಿ ನಮ್ಮಕ್ಕನಿಗೂ ಬಾಣಂತನದಲ್ಲಿ ಗೋಡೆ ಗಡಿಯಾರ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ಸಾಗರಕ್ಕೆ ಹೋಗಿ ಒಳ್ಳೆಯ ಡಾಕ್ಟರಿಗೆ ತೋರಿಸು. ಹಿನ್ನೀರಿಗೆ ಸೇತುವೆ ಆದ ಮೇಲೆ ಏನು ದೂರ?

ಯಶಸ್ವಿನಿ


ಕಲ್ಲುಮಕ್ಕಿ
10 ಏಪ್ರಿಲ್ 2026

ಯಶೂ,

ಇಷ್ಟು ದಿನ ಬರೆಯಲಿಲ್ಲ. ಪುಟ್ಟನಿಗೆ ಜ್ವರ ಬಂದಿತ್ತು. ಸಾಗರದ ಡಾಕ್ಟರು ಸಾಮಾನ್ಯ ಜ್ವರ ಎಂದರು, ಮೂರು ದಿನಕ್ಕೆ ಇಳಿಯಿತು. ಆದರೆ ಆ ಮೂರು ದಿನ ಊರಿನವರು ನಮ್ಮ ಮನೆಗೆ ಬಂದು ತೊಟ್ಟಿಲನ್ನು ನೋಡಿ ಹೋದ ರೀತಿ ಇದೆಯಲ್ಲ. ಯಾರೂ ಔಷಧಿಯ ಬಗ್ಗೆ ಕೇಳಲಿಲ್ಲ. ನೀರು ಎಲ್ಲಿಗೆ ಬಂತು ಎಂದಷ್ಟೇ ಮಾತಾಡಿದರು. ತಾಯಿತ ಕಳೆದವರ ಮನೆಗೆ ಕಾಯಿಲೆ ಬಂದಿದೆ, ಹಾಗಾದರೆ ಕದ್ದವರ ಕೈ ಇನ್ನೂ ಬಿಗಿಯಾಗಿಯೇ ಇದೆ ಎಂದು ಅವರ ಲೆಕ್ಕ. ಅತ್ತ ಗಾನವಿಗೆ ಜ್ವರ ಬಂದಿದ್ದರೆ, ಚೌಡಿ ತೋರಿಸಿದಳು ಎನ್ನುತ್ತಿದ್ದರು. ಯಾವ ಮಗು ಮಲಗಿದರೂ ತಪ್ಪು ಅವಳದೇ.

ಫೋಟೋ ತೆಗೆದೆ. ಕತ್ತಲಲ್ಲಿ ಮೊಬೈಲ್ ಹಿಡಿದು ಕಿಟಕಿಯಿಂದ. ಅಂಗಳ ಬಂದಿದೆ, ಪೊರಕೆ ಬಂದಿದೆ. ಹಿಡಿದ ಕೈ ಬಂದಿಲ್ಲ. ಬೆಳಕು ಸಾಲದೆ ಹಾಗಾಗಿರಬೇಕು. ಕಳಿಸುವುದಿಲ್ಲ.

ಈಗ ನಾನು ಹೇಳುವುದನ್ನು ನಿಧಾನವಾಗಿ ಓದು. ಇದು ನಿದ್ದೆಗೆಟ್ಟವಳ ಮಾತಲ್ಲ.

ಕಲ್ಲು ಹೊರಬಂದ ಮೇಲೆ ಏನು ಮಾಡುತ್ತಾರೆ ಎಂದು ನಾನು ಕೇಳಿಯೇ ಇರಲಿಲ್ಲ. ಹೂವು ಇಟ್ಟು, ಕಾಯಿ ಒಡೆದು ಮುಗಿಸುತ್ತಾರೆ ಎಂದುಕೊಂಡಿದ್ದೆ. ಹೋದ ವಾರ ಅತ್ತೆ ಪುಟ್ಟನ ಕಾಲಿಗೆ ಎಣ್ಣೆ ತೀಡುತ್ತಾ ಹೇಳಿದರು. ವಸ್ತು ವಾಪಸು ಬಂದಿರದಿದ್ದರೆ, ಕಲ್ಲು ಕಂಡ ಮೇಲಿನ ಅಮಾವಾಸ್ಯೆಯ ದಿನ ಹೊತ್ತು ಮೂಡುವ ಮೊದಲು, ದೂರು ಯಾರ ಮೇಲಿದೆಯೋ ಅವರು ಒಬ್ಬರೇ ಕೆಸರಿನಲ್ಲಿ ನಡೆದುಹೋಗಿ ಕಲ್ಲು ಮುಟ್ಟಿ ಬರಬೇಕು. ಹಗ್ಗ ಇಲ್ಲ, ದೀಪ ಇಲ್ಲ. ವಾಪಸು ಬಂದರೆ ನಿರ್ದೋಷಿ.

"ಬರದಿದ್ರೆ?" ಎಂದೆ.

"ನಮ್ಮತ್ತೆ ಕಾಲದಾಗೆ ಒಬ್ಳು ಬರ್ಲಿಲ್ಲ. ಗೊತ್ತಾತಲ್ಲ" ಎಂದು ಪುಟ್ಟನ ಮೂಗು ಹಿಂಡಿ ನಗಿಸಿದರು.

ಹಳೇ ಊರಿನ ಬಾವಿ ಆ ಕಲ್ಲಿನ ಬಳಿಯೇ ಇತ್ತಂತೆ. ಎಲ್ಲಿ ಎಂದು ಸರಿಯಾಗಿ ಯಾರಿಗೂ ನೆನಪಿಲ್ಲ. ಅರವತ್ತು ವರ್ಷದ ಹೂಳು ಮೇಲೆ ಕಟ್ಟಿದೆ. ನೋಡಿದರೆ ನೆಲ, ಕಾಲಿಟ್ಟರೆ ಇಲ್ಲ. ಆ ಕಡೆ ದನ ಬಿಡುವುದಿಲ್ಲ.

ಮಾವನ ಕಾಲು ಹಿಡಿದೆ. ದೂರು ವಾಪಸು ತೆಗೆದುಕೊಳ್ಳಿ ಎಂದೆ. ಕೊಟ್ಟದ್ದು ಮನೆಯ ಹೆಸರಲ್ಲಿ, ವಾಪಸು ತೆಗೆದುಕೊಳ್ಳುವುದೂ ಕಲ್ಲಿನ ಮುಂದೆಯೇ ಎಂದರು. ನನ್ನ ಗಂಡ ಜೆಸಿಬಿ ಕೆಲಸಕ್ಕೆ ಹೋದವರು ಭಾನುವಾರ ಬಂದರು. ಹೇಳಿಕೊಂಡೆ. ಬೂಟಿನ ಮಣ್ಣು ಕೆರೆಯುತ್ತ, "ಅಪ್ಪ ಕಾನೂನು ಬಿಟ್ಟು ಏನೂ ಮಾಡೋರಲ್ಲ" ಎಂದರು. ಮನೆಯ ಲ್ಯಾಂಡ್‌ಲೈನ್ ಇರುವುದು ಮಾವನ ಎದುರೇ. ಬಸ್‌ಸ್ಟಾಪಿನ ತಿರುವಿಗೆ ಹೋದರೆ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಅಲ್ಲಿಂದ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟೆ. ಇಬ್ಬರು ಜೀಪಿನಲ್ಲಿ ಬಂದರು. ಎಲ್ಲರ ಎದುರೇ ಹುಡುಗಿಯನ್ನು ಕೇಳಿದರು. ಅವಳು "ಒಪ್ಪಿಗೆ ಐತೆ" ಎಂದಳು. ಮಾವ ದೇವರ ಕೋಣೆಯಿಂದ ನಿನ್ನ ಪತ್ರ ತಂದು ಕೊಟ್ಟರು. ಅವರು ಸೀಲು ನೋಡಿದರು, ಚಹಾ ಕುಡಿದರು, ಹೋದರು.

ಯಶೂ, ಅದೇ ಲೆಟರ್‌ಹೆಡ್‌ನಲ್ಲಿ, ಅದೇ ಸೀಲು ಹಾಕಿ ಇನ್ನೊಂದು ಪತ್ರ ಬರಿ. ಇದು ಕೂಡದು ಎಂದು ಬರಿ. ಮೇ ಮೊದಲೆರಡು ವಾರದಲ್ಲಿ ಕಲ್ಲು ಕಾಣುತ್ತದಂತೆ, ಮೇ ಹದಿನಾರಕ್ಕೆ ಅಮಾವಾಸ್ಯೆ.

ಸುಪ್ರಿಯಾ


ಬೆಂಗಳೂರು
4 ಮೇ 2026

ಸುಪ್ರಿಯಾ,

ಇದು ನನ್ನ ಕೈಬರಹ. ಆಫೀಸಿನ ಕಾಗದವಲ್ಲ. ಓದಿದ ಮೇಲೆ ನಿನ್ನ ಹತ್ತಿರವೇ ಇಟ್ಟುಕೋ.

ಏಪ್ರಿಲ್ ಪೂರ್ತಿ ದೆಹಲಿಯಲ್ಲಿದ್ದೆ. ನಿನ್ನ ಪತ್ರ ಟೇಬಲ್ ಮೇಲೆ ಉಳಿದಿತ್ತು. ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ, ನಿನಗೆ ಇದನ್ನು ಹೇಳುವ ಹಕ್ಕು ನನಗಿಲ್ಲದಿದ್ದರೂ.

ಇದ್ದದ್ದನ್ನು ಹೇಳುತ್ತೇನೆ. ಕರಡಿನಲ್ಲಿ ಚೌಡಿಯ ಹೆಸರಿಲ್ಲ. "ಗ್ರಾಮದ ಹಿರಿಯರ ಮಂಡಳಿ" ಎಂದು ಬರೆದಿದ್ದೇನೆ. ದೇವರು ಎಂದರೆ ಸಮಿತಿ ಮೊದಲ ಪುಟದಲ್ಲೇ ಎತ್ತಿಡುತ್ತಿತ್ತು. ಕೊನೆಯ ಸಭೆ ಮೇ ಹದಿನೆಂಟಕ್ಕೆ. ಈಗ ನಾನು ಅದೇ ಸೀಲಿನಲ್ಲಿ "ಕಲ್ಲುಮಕ್ಕಿಯಲ್ಲಿ ನಡೆಯುತ್ತಿರುವುದು ಅಪರಾಧ" ಎಂದು ಬರೆದರೆ ಅದರ ಒಂದು ಪ್ರತಿ ಸಮಿತಿಯ ಫೈಲಿಗೂ ಹೋಗುತ್ತದೆ. ಒಂದು ಉದಾಹರಣೆಯಷ್ಟೇ ಅಲ್ಲ, ಇಡೀ ಅಧ್ಯಾಯ ಬಿದ್ದುಹೋಗುತ್ತದೆ. ಆ ಅಧ್ಯಾಯ ಬಂದರೆ ರಾಜ್ಯದಲ್ಲಿ ಎಷ್ಟು ಸಾವಿರ ಮಕ್ಕಳು ಠಾಣೆಯ ಮೆಟ್ಟಿಲು ಹತ್ತುವುದು ತಪ್ಪುತ್ತದೆ, ಯೋಚಿಸು.

ನನ್ನ ಮೊದಲ ಪತ್ರದಲ್ಲಿ ತಪ್ಪೇನೂ ಇಲ್ಲ. ಮತ್ತೆ ಮತ್ತೆ ಓದಿ ನೋಡಿದೆ. ಅವರು ಅರ್ಥಮಾಡಿಕೊಂಡದ್ದು ತಪ್ಪು.

ಅಮಾವಾಸ್ಯೆ ಹದಿನಾರಕ್ಕೆ, ಸಭೆ ಹದಿನೆಂಟಕ್ಕೆ. ಎರಡೇ ದಿನ ಮುಂದಕ್ಕೆ ಹಾಕಿಸಲು ಆಗದೇ? ಮಗುವಿಗೆ ಮತ್ತೆ ಜ್ವರ ಎಂದು ಹೇಳು. ಅವರೂ ಮನುಷ್ಯರೇ, ನಿಜವಾಗಿ ಹದಿಮೂರರ ಹುಡುಗಿಯನ್ನು ಕೆಸರಿಗೆ ಇಳಿಸಲಾರರು. ಈ ವಿಷಯ ಫೋನಿನಲ್ಲಿ ಮಾತಾಡುವುದು ಬೇಡ. ಸದ್ಯಕ್ಕೆ ನಾನು ಎತ್ತುವುದೂ ಇಲ್ಲ, ತಪ್ಪು ತಿಳಿಯಬೇಡ.

ಯಶಸ್ವಿನಿ


ಕಲ್ಲುಮಕ್ಕಿ
14 ಮೇ 2026, ಗುರುವಾರ, ಬೆಳಗಿನ ಜಾವ

ಯಶಸ್ವಿನಿ,

ಕಲ್ಲು ಕಂಡಿದೆ. ಸೋಮವಾರ ಎಮ್ಮೆಯ ಬೆನ್ನಿನಷ್ಟು ಕಂಡಿತು, ನಿನ್ನೆ ಕುತ್ತಿಗೆಯ ತನಕ. ಸುತ್ತ ಕೆಸರು, ಮೇಲೆ ಒಣಗಿದ ಹೊದಿಕೆ, ಬಿರುಕು ಬಿಟ್ಟಿದೆ. ದಡದಲ್ಲಿ ನಿಂತರೆ ಹಳೇ ಊರಿನ ದಾರಿ ಗೆರೆ ಎಳೆದ ಹಾಗೆ ಕಲ್ಲಿನ ಕಡೆಗೆ ಹೋಗುವುದು ಕಾಣುತ್ತದೆ. ಕೊನೆಯಲ್ಲಿ ಸ್ವಲ್ಪ ದೂರ ಕಾಣುವುದಿಲ್ಲ.

ಮುಂದಕ್ಕೆ ಹಾಕಿಸಲು ನೋಡಿದೆ. ಪುಟ್ಟನಿಗೆ ಜ್ವರ ಎಂದು ನೀನು ಹೇಳಿಕೊಟ್ಟಂತೆ ಸುಳ್ಳು ಹೇಳಿದೆ. ಹಾಗಾದರೆ ತಡಮಾಡುವುದೇ ಬೇಡ, ಈ ಅಮಾವಾಸ್ಯೆಗೇ ಮುಗಿಸಿಬಿಡೋಣ ಎಂದರು. ನನ್ನ ಮಗನ ಹೆಸರಲ್ಲಿ ಹೇಳಿದ ಸುಳ್ಳು ಅವಳ ಕಡೆಗೇ ತಿರುಗಿತು. ಶ್ಯಾಮಲಾಗೆ, ಮಗಳನ್ನು ಕರೆದುಕೊಂಡು ಹೊಸನಗರದ ನನ್ನ ತವರಿಗೆ ಹೋಗಿಬಿಡಿ, ಬಸ್ಸು ಹತ್ತಿಸುತ್ತೇನೆ ಎಂದೆ. "ಓಡಿ ಹೋದ್ರೆ ಅವಳೇ ಕದ್ದಿದ್ದು ಅಂತಾರಲ್ಲ ಅಮ್ಮ. ಆಮೇಲೆ ಆ ಹೆಸರಿಟ್ಕಂಡು ಎಲ್ಲಿ ಬದುಕ್ಲಿ?" ಎಂದರು. ಅವರೂ ಹೆಸರು ಹೇಳಲಿಲ್ಲ, ಗಮನಿಸು. ತಾಯಿಯ ಬಾಯಲ್ಲೂ ಈಗ ಮಗಳ ಹೆಸರಿಲ್ಲ.

ಇವತ್ತು ಪೊರಕೆಯ ಸದ್ದು ಕೇಳಿದಾಗ ಬಾಗಿಲು ತೆಗೆದು ಹೊರಗೆ ಹೋದೆ. ಇಷ್ಟು ತಿಂಗಳಲ್ಲಿ ಮೊದಲ ಸಲ. ಸದ್ದು ನಿಂತಿತು. ತುಳಸಿಕಟ್ಟೆಯ ಹಿಂದೆ ಕೂತಿದ್ದಳು, ಮೊಣಕಾಲಲ್ಲಿ ಮುಖ ಮುಚ್ಚಿಕೊಂಡು. "ಗಾನವಿ" ಎಂದೆ. ತಲೆ ಎತ್ತಲಿಲ್ಲ. ಇನ್ನೊಮ್ಮೆ ಕರೆದೆ. ಬೇರೆ ಯಾರನ್ನೋ ಕರೆದಂತೆ ಸುತ್ತ ನೋಡಿದಳು.

ಕೈ ಹಿಡಿದು ಒಳಗೆ ಕರೆತಂದು ನನ್ನ ಹಾಸಿಗೆಯ ಮೇಲೆ ಕೂರಿಸಿದೆ. ಅಂಗೈ ತುಂಬ ಪೊರಕೆಯ ಬೊಕ್ಕೆ. ಹಾಲು ಕೊಟ್ಟೆ. ಕುಡಿದು, ಪುಟ್ಟನನ್ನು ನೋಡುತ್ತ ಕೇಳಿದಳು:

"ಅಕ್ಕ, ನಾನೇ ತಗಂಡಿದ್ದು ಅಂತ ಹೇಳ್ಲಾ?"

"ನೀನು ತಗಂಡಿದ್ದೀಯೇನೇ?"

"ಗೊತ್ತಿಲ್ಲ. ನಾನು ತಗಂಡಿಲ್ಲ. ಆದ್ರೆ ಎಲ್ರೂ ಹೇಳ್ತಾರಲ್ಲ. ನಂಗೆ ಗೊತ್ತಿಲ್ದೇ ನನ್ ಕೈ ತಗಂಡಿರ್ಬಹುದು."

ಹಾಗೆ ಹೇಳಿ ತನ್ನ ಬಲಗೈಯನ್ನು ಹಾಸಿಗೆಯ ಮೇಲೆ ಇಟ್ಟು, ಅದು ಏನಾದರೂ ಮಾಡುತ್ತದೋ ಎಂದು ನೋಡುತ್ತಾ ಕೂತಳು. ಎಷ್ಟೋ ಹೊತ್ತು.

ಮಗುವಿನಿಂದ ಬಲವಂತವಾಗಿ ತಪ್ಪೊಪ್ಪಿಗೆ ಪಡೆಯಬಾರದು ಎಂಬ ಮಾತೂ ನಿನ್ನ ಅದೇ ನಲವತ್ತನೇ ವಿಧಿಯಲ್ಲಿ ಇದೆಯಲ್ಲವೇ? ನಾವಿಬ್ಬರೂ ಒಂದೇ ಪುಸ್ತಕದಿಂದ ಓದಿದ್ದೆವು. ಇಲ್ಲಿ ಯಾರೂ ಬಲವಂತ ಮಾಡಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. ನೀನು ಹೇಳಿದ್ದನ್ನಷ್ಟೇ ಮಾಡಿದರು. ಹೆಸರು ಆಡಬಾರದು ಎಂದೆ, ಅವಳ ಹೆಸರೇ ಹೋಯಿತು. ಗುರುತು ಕಾಣಬಾರದು ಎಂದೆ, ಅವಳಿಗೇ ಅವಳ ಗುರುತು ಸಿಗುತ್ತಿಲ್ಲ. ಒಪ್ಪಿಗೆ ಕೇಳಿ ಎಂದೆ, ಈಗ ಯಾವುದಕ್ಕೆ ಕೇಳಿದರೂ ಒಪ್ಪುತ್ತಾಳೆ. ಓದಿ ಹೇಳಿದವಳು ನಾನು. ನಿನ್ನೊಬ್ಬಳನ್ನೇ ದೂರುತ್ತಿಲ್ಲ.

ನಿನ್ನೆ ರಾತ್ರಿ ಮಾವನ ಹತ್ತಿರ ಕೊನೆಯ ಸಲ ಮಾತಾಡಿದೆ. ಅವರು ಕ್ರೂರಿಯಲ್ಲ. ನಿನ್ನ ಪತ್ರವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ನನಗೂ ಹೆಣ್ಮಕ್ಳು ಹುಟ್ಟಿದ್ವು ತಂಗಿ. ಪೊಲೀಸು ಬ್ಯಾಡ ಅಂದೆ ನೀನು, ಬಿಟ್ಟೆ. ಬೆಂಗಳೂರಿಂದ ಬರ್ದಂಗೆ ನಡ್ಕಂಡೆ. ಒಂದು ಹೆಜ್ಜೆ ಆಚೆ ಇಟ್ಟಿಲ್ಲ. ಈಗ ನಡೂ ದಾರಿಗೆ ಬಂದು ನಾನೊಬ್ನೇ ಬ್ಯಾಡ ಅಂದ್ರೆ ಊರು ಕೇಳ್ತದಾ? ಬರ್ದೋರೇ ಬಾಯಿ ಬಿಟ್ಟು ಬ್ಯಾಡ ಅನ್ಲಿ. ಅವರ ದನಿ ಕೇಳಿದ್ರೆ ಸಾಕು, ನಾನು ದಡಕ್ಕೆ ಹೋಗಿ ಅಡ್ಡ ಮಲಗ್ತೀನಿ."

ಇಷ್ಟೇ. ಅವರಿಗೆ ಬೇಕಾಗಿರುವುದು ನಿನ್ನ ದನಿ. ಪತ್ರ ಬೇಡ, ಸೀಲು ಬೇಡ, ಫೈಲಿಗೆ ಹೋಗುವಂಥದ್ದು ಏನೂ ಬೇಡ.

ತಿರುವಿಗೆ ಹೋಗಿ ನಿನಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ನೀನು ಎತ್ತಲಿಲ್ಲ. ಬೇರೆ ನಂಬರಿನಿಂದ ಮಾಡಿದೆ, ನನ್ನ ದನಿ ಕೇಳಿ ನೀನು ಇಟ್ಟೆ. ಅದಕ್ಕೇ ಈ ಪತ್ರವನ್ನು ಇವತ್ತು ಸಂಜೆಯ ಬೆಂಗಳೂರು ಬಸ್ಸಿನ ಕಂಡಕ್ಟರ್ ಶಂಭು ಕೈಯಲ್ಲಿ ಕೊಡುತ್ತೇನೆ. ನಾಳೆ ಶುಕ್ರವಾರ ಬೆಳಿಗ್ಗೆ ನಿನ್ನ ಆಫೀಸಿನ ಬಾಗಿಲಲ್ಲಿ ನಿಂತು ನಿನ್ನ ಕೈಗೇ ಕೊಡಬೇಕೆಂದು ಹೇಳಿರುತ್ತೇನೆ. ಅವನು ಕೊಟ್ಟೇ ಕೊಡುತ್ತಾನೆ. ಸಿಗಲಿಲ್ಲ ಎಂದು ಹೇಳಬೇಡ.

ಗಾನವಿ ನನ್ನ ಹಾಸಿಗೆಯಲ್ಲೇ ನಿದ್ದೆ ಹೋಗಿದ್ದಾಳೆ. ಪುಟ್ಟ ಹೊರಳಿ ಅವಳ ಬೆನ್ನಿಗೆ ಒತ್ತಿಕೊಂಡು ಮಲಗಿದ್ದಾನೆ. ಇಬ್ಬರ ಮೂಗಿನ ಕೆಳಗೂ ಬೆರಳಿಟ್ಟು ನೋಡಿದೆ. ಇಬ್ಬರೂ ಉಸಿರಾಡುತ್ತಿದ್ದಾರೆ.

ಇದನ್ನು ಬರೆಯುತ್ತಿರುವಾಗ ಹೊರಗೆ ಪೊರಕೆಯ ಸದ್ದು ಮತ್ತೆ ಶುರುವಾಗಿದೆ. ಅಂಗಳದ ಈ ತುದಿಯಿಂದ ಆ ತುದಿಗೆ. ಮಗಳು ಮನೆಗೆ ಬಾರದ್ದನ್ನು ಕಂಡು, ಉಳಿದ ಅಂಗಳವನ್ನು ಗುಡಿಸಲು ಶ್ಯಾಮಲಾ ಬಂದಿರಬೇಕು. ಶ್ಯಾಮಲಾ ಅವರೇ ಇರಬೇಕು. ನಾನು ಎದ್ದು ನೋಡುವುದಿಲ್ಲ. ಇವರಿಬ್ಬರ ಪಕ್ಕದಿಂದ ಏಳುವುದಿಲ್ಲ.

ಶುಕ್ರವಾರ ರಾತ್ರಿ ಮಾವ ಮಲಗುವುದಿಲ್ಲ. ನಡುಮನೆಯಲ್ಲಿ ಲ್ಯಾಂಡ್‌ಲೈನ್ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ ಎಂದಿದ್ದಾರೆ. ಶನಿವಾರ ಬೆಳಕು ಹರಿಯುವ ಮೊದಲು ಊರಿನವರು ಅವಳನ್ನು ಕರೆಯಲು ಬರುತ್ತಾರೆ. ಹೆಸರು ಹಿಡಿದು ಕರೆಯುವುದಿಲ್ಲ, ಬಾಗಿಲು ತಟ್ಟುತ್ತಾರೆ. ನಂಬರು ನಿನ್ನ ಹತ್ತಿರ ಇದೆ, ಪುಟ್ಟ ಹುಟ್ಟಿದ ದಿನ ನೀನು ಅದಕ್ಕೇ ಮಾಡಿದ್ದೆ. ಒಂದೇ ಮಾತು ಹೇಳು ಯಶೂ. ಬೇಡ ಎನ್ನು. ಅವಳ ಹೆಸರು ಹಿಡಿದು ಹೇಳು, ಈ ಮನೆಯಲ್ಲಿ ಇನ್ನೊಬ್ಬರಾದರೂ ಹೇಳಿದಂತಾಗಲಿ. ಆಮೇಲೆ ಇಟ್ಟುಬಿಡು, ನನ್ನ ಹತ್ತಿರ ಇನ್ನು ಯಾವತ್ತೂ ಮಾತಾಡಬೇಡ, ಬೇಕಾದರೆ. ಆದರೆ ಬೆಳಗಾಗುವುದರೊಳಗೆ ಫೋನ್ ಮಾಡು. ದಮ್ಮಯ್ಯ, ಬೆಳಗಾಗುವುದರೊಳಗೆ ಮಾಡು.